ಮೇಣದ ಹುಳು ಕಪ್ಪಾಗುವುದನ್ನು ಕಾಯುತ್ತ

ಕುಂದಾಪುರದಲ್ಲಿ ನಾನು ದಿನಪತ್ರಿಕೆಯೊಂದರ ವರದಿಗಾರನಾಗಿ ಸೇರಿದ್ದು ತೊಂಬತ್ತೇಳರಲ್ಲಿ. ಅಲ್ಲಿಂದ ಮುಂದೆ ಈ ಕರಾವಳಿಯ ಅಪಘಾತ, ಕಡಲ್ಕೊರೆತ, ಪಂಚಾಯತ್ ಸಭೆ, ಬಾವಿಗೆ ಬಿದ್ದ ಚಿರತೆ ಎಲ್ಲವನ್ನೂ ಬರೆದೆ. ಬರೆಯದೆ ಬಿಟ್ಟದ್ದು ಒಂದೇ ಸಂಗತಿ. ಅದು ನಮ್ಮ ಮನೆಯೊಳಗೆ ನಡೆದದ್ದು. ಹೆಂಡತಿಯ ಕೆಲಸವನ್ನು ಗಂಡ ಸುದ್ದಿ ಮಾಡಬಾರದು ಎಂಬುದು ನಮ್ಮ ಕಚೇರಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಿಯಮ. ಸರಿಯಾದ ನಿಯಮವೇ. ಈಗ ನಾನು ಯಾವ ಪತ್ರಿಕೆಯಲ್ಲೂ ಇಲ್ಲದ ಕಾರಣ, ಕಂಡದ್ದನ್ನು ಕಂಡ ಹಾಗೆ ಬರೆಯಲು ಅಡ್ಡಿಯಿಲ್ಲ.

ನನ್ನ ಹೆಂಡತಿ ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದಳು. ಹುಟ್ಟಿ ಬೆಳೆದದ್ದು ಕುಂದಾಪುರದ ಹೊಳೆಯ ಆಚೆ, ಗಂಗೊಳ್ಳಿಯಲ್ಲಿ. ಅವಳ ತಂದೆ ಬೋಟಿಗೆ ಹೋಗುತ್ತಿದ್ದವರು, ಬೇಗ ತೀರಿಕೊಂಡರು. ತಾಯಿ ಬಂದರಿನಲ್ಲಿ ಮೀನು ತೆಗೆದುಕೊಂಡು ಊರೂರಿನ ಮನೆಗಳಿಗೆ ಹೊತ್ತು ಮಾರುತ್ತಿದ್ದರು. ಅಣ್ಣನೂ ಬೋಟಿನವನೇ. ಅವಳು ಎಮ್ಮೆಸ್ಸಿ ಓದುತ್ತಿದ್ದಾಗ ಬಲೆ ಬಿಡಿಸುವ ಹೊತ್ತಿನಲ್ಲಿ ಅಣ್ಣನ ತೋರುಬೆರಳಿಗೆ ಮೀಸೆಯಿರುವ ತೇಡೆ ಮೀನಿನ ಮುಳ್ಳು ಹೊಕ್ಕಿತು. ಅಂಥದ್ದು ಅಲ್ಲಿ ದಿನವೂ ನಡೆಯುತ್ತದೆ. ಬಿಸಿನೀರಿನಲ್ಲಿ ಕೈ ಅದ್ದಿ, ಬಟ್ಟೆ ಸುತ್ತಿ, ಮರುದಿನ ಮತ್ತೆ ಬೋಟು ಹತ್ತುತ್ತಾರೆ. ಇವನ ಕೈ ಮಾತ್ರ ಮೊಣಕೈವರೆಗೆ ಊದಿ ಕಪ್ಪಾಯಿತು. ಜೀವ ಉಳಿಯಿತು, ಬೆರಳು ಉಳಿಯಲಿಲ್ಲ. ಸಮುದ್ರದ ನೀರಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಕಾರಣ ಎಂದು ಡಾಕ್ಟರು ಹೇಳಿದರು.

ಅವಳ ಪಿಎಚ್.ಡಿ.ಯ ಪ್ರಶ್ನೆ ಅಲ್ಲಿಂದ ಹುಟ್ಟಿದ್ದು. ಮುಳ್ಳು ಎಲ್ಲರಿಗೂ ತಾಗುತ್ತದೆ, ಬೆರಳು ಎಲ್ಲರದ್ದೂ ಹೋಗುವುದಿಲ್ಲ. ಬಂದರಿನ ನೀರಿನಿಂದ ತೆಗೆದ ಬ್ಯಾಕ್ಟೀರಿಯಾವೂ ಗಾಯದ ಕೀವಿನಿಂದ ತೆಗೆದದ್ದೂ ಸೂಕ್ಷ್ಮದರ್ಶಕದ ಕೆಳಗೆ ಒಂದೇ ಥರ ಕಾಣುತ್ತವೆ, ಒಂದೇ ಥರ ಬೆಳೆಯುತ್ತವೆ. ಹಾಗಾದರೆ ಕೊಲ್ಲುವುದು ಯಾವುದು, ಸುಮ್ಮನಿರುವುದು ಯಾವುದು? ಅದನ್ನು ತಿಳಿಯಲು ಒಂದು ಜೀವಂತ ಮೈ ಬೇಕು. ದೊಡ್ಡ ಸಂಸ್ಥೆಗಳಲ್ಲಿ ಅದಕ್ಕೆ ಇಲಿ ಇರುತ್ತದೆ, ಇಲಿಗೆ ಪ್ರತ್ಯೇಕ ಮನೆ ಇರುತ್ತದೆ, ಅನುಮತಿ ಕೊಡುವ ಸಮಿತಿ ಇರುತ್ತದೆ. ಅವಳ ಕಾಲೇಜಿನಲ್ಲಿದ್ದ ಇಲಿಗಳು ಗೋದಾಮಿನಲ್ಲಿ ತಮ್ಮಷ್ಟಕ್ಕೆ ಇದ್ದವು.

ಒಂದು ದಿನ ಊಟಕ್ಕೆ ಕುಳಿತಾಗ ಕೇಳಿದಳು. "ಹ್ವಾಯ್, ನಿಮ್ಗೆ ಸುದ್ದಿ ಕೊಡೂ ಜೇನಿನವ್ರ್ ಒಬ್ರ್ ಇದ್ರಲ್ದಾ, ಬೈಂದೂರ್ ಬದಿಗೆ? ಅವ್ರ್ ಪೆಟ್ಗಿಯಗೆ ಮೇಣದ ಹುಳ ಇತ್ತಾ ಕೇಣಿ."

ಇದ್ದರು. ಬೈಂದೂರಿನಿಂದ ಒಳಗೆ, ಗುಡ್ಡದ ಬುಡದ ಹಳ್ಳಿಯಲ್ಲಿ ತುಡುವೆ ಜೇನು ಸಾಕುವ ಕೃಷಿಕರು. ಊರಿನಲ್ಲಿ ಮರ ಬಿದ್ದರೂ ಸೇತುವೆ ಬಿರಿದರೂ ಮೊದಲು ನನಗೆ ಫೋನು ಮಾಡುವವರು. ಮೇಣದ ಹುಳು ಎಂದರೆ ಒಂದು ಬೂದು ಪತಂಗದ ಮರಿ. ದುರ್ಬಲವಾದ ಜೇನುಗೂಡಿಗೆ ಹೊಕ್ಕು ಎರಿಯ, ಅಂದರೆ ಜೇನುತಟ್ಟಿಯ ಮೇಣ ತಿಂದು, ಬಲೆ ನೇಯ್ದು, ಗೂಡನ್ನೇ ಹಾಳು ಮಾಡುತ್ತದೆ. ಜೇನು ಸಾಕುವವರಿಗೆ ಅದರಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ನಾವಿಬ್ಬರೂ ಅಂಗಳಕ್ಕೆ ಕಾಲಿಟ್ಟು ವಿಷಯ ಹೇಳಿದಾಗ ಅವರು ಹೆಗಲ ಮೇಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು.

"ಹುಳವಾ? ಜೇನುತುಪ್ಪ ಅಲ್ದಾ?"

"ಹುಳವೇ" ಎಂದೆ.

"ಎಂತ ಮಾರಾಯ್ರೆ, ಪೇಪರಿನವ್ರ್ ಹುಳ ತಿಂಬುಕ್ ಶುರು ಮಾಡಿದ್ರಾ? ನಾನ್ ಇದ್ನ ಕೊಂದ್ ಕೊಂದ್ ಸಾಕಾಯಿ ಕೂಕಂಡಿದೆ. ನೀವ್ ಸಾಕೂಕೆ ತಕಂಡ್ ಹೋತ್ರಿ. ಲೋಕ ಹ್ಯಾಂಗಿತ್ತ್ ಕಾಣಿ!"

"ಸಾಕೂದಷ್ಟೇ ಅಲ್ಲ" ಅಂದಳು ನನ್ನ ಹೆಂಡತಿ. "ಸಾಕಿ ಅವಕ್ಕೆ ಕಾಯ್ಲೆ ಬರ್ಸೂದ್."

ಅವರ ಮುಖ ಅರಳಿತು. "ಹಾಂಗಾರೆ ಬರ್ಸಿ! ಚಂದ ಮಾಡಿ ಬರ್ಸಿ! ಎಷ್ಟ್ ಬೇಕಾರೂ ಕೊಡ್ತೆ."

ಹೀಗೆ ಶುರುವಾಯಿತು. ಹಾಳಾದ ಎರಿಗಳನ್ನು ಅವರು ಮೊದಲೆಲ್ಲ ಸುಟ್ಟುಬಿಡುತ್ತಿದ್ದರು. ಈಗ ತೆಗೆದಿಡತೊಡಗಿದರು. ಭಾನುವಾರ ನಾವು ಹೋಗಿ, ಬೆಣ್ಣೆ ಬಣ್ಣದ ಕೊಬ್ಬಿದ ಹುಳುಗಳನ್ನು ಒಂದೊಂದಾಗಿ ಆರಿಸಿ, ಮರದ ಹೊಟ್ಟು ತುಂಬಿದ ಊಟದ ಡಬ್ಬಿಗೆ ಹಾಕಿಕೊಂಡು ಬರುತ್ತಿದ್ದೆವು. ಒಂದಷ್ಟನ್ನು ಮನೆಯಲ್ಲೂ ಸಾಕಲು ನೋಡಿದೆವು. ಅವು ಪ್ಲಾಸ್ಟಿಕ್ ಮುಚ್ಚಳ ಕೊರೆದು ಹೊರಬಿದ್ದವು. ನಾನು ಜೋಪಾನವಾಗಿ ಕಟ್ಟಿಟ್ಟ ಹಳೆಯ ಪತ್ರಿಕೆಗಳ ಕಟ್ಟಿನೊಳಗೆ ಹೊಕ್ಕು ಗೂಡು ಕಟ್ಟಿದವು. ನನ್ನ ಹೆಸರಿನಲ್ಲಿ ಅಚ್ಚಾಗಿದ್ದ ಮೊದಲ ವರದಿಯ ಮಧ್ಯದಲ್ಲೇ ಒಂದು ಪತಂಗ ರೆಕ್ಕೆ ಬಿಚ್ಚಿ ಹಾರಿಹೋಯಿತು. "ನಿಮ್ಮ ವರದಿಗ್ ಈಗ್ಳಾದ್ರೂ ರೆಕ್ಕೆ ಬಂತಲೆ" ಎಂದಳು ಅವಳು.

ಬ್ರಹ್ಮಾವರದ ಪ್ರಯೋಗಾಲಯಕ್ಕೆ ನಾನು ಹಲವು ಸಲ ಹೋಗಿದ್ದೇನೆ. ಕೆಲಸ ಹೀಗೆ. ಹುಳುವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮಗುಚಿ ಹಿಡಿಯಬೇಕು. ಹೊಟ್ಟೆಯ ಕೆಳಗೆ ಕಾಣುವ ಮೊಂಡುಗಾಲುಗಳಲ್ಲಿ ಕೊನೆಯದರ ಬುಡಕ್ಕೆ, ಸಕ್ಕರೆ ಕಾಯಿಲೆಯವರು ಬಳಸುವ ಅತಿ ಸಪೂರ ಸೂಜಿಯಿಂದ, ಬ್ಯಾಕ್ಟೀರಿಯಾ ಇರುವ ನೀರಿನ ಒಂದು ಸಣ್ಣ ಹನಿ ಕೊಡಬೇಕು. ಇನ್ನೊಂದು ಗುಂಪಿಗೆ ಬರೀ ಉಪ್ಪುನೀರು. ಆಮೇಲೆ ಎಲ್ಲವನ್ನೂ ಮನುಷ್ಯರ ಮೈಯಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಕಾಯಬೇಕು. ಬ್ಯಾಕ್ಟೀರಿಯಾ ಗೆಲ್ಲುತ್ತ ಬಂದರೆ ಹುಳುವಿನ ಮೈಯಲ್ಲಿ ಕಂದು ಚುಕ್ಕಿ ಏಳುತ್ತದೆ, ಆಮೇಲೆ ಇಡೀ ಹುಳು ಹುರಿದ ಹುಣಸೆಬೀಜದಂತೆ ಕಪ್ಪಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ಅಲುಗುವುದಿಲ್ಲ.

ಹುಳುವಿಗೂ ನಮಗೂ ಎಂಥ ಸಂಬಂಧ ಎಂದು ನಾನು ಕೇಳಿದ್ದೆ. ಓದುಗ ಕೇಳುವ ಪ್ರಶ್ನೆಯನ್ನು ಮೊದಲು ನಾವು ಕೇಳಬೇಕೆಂಬುದು ನಮ್ಮ ವೃತ್ತಿಯ ಪಾಠ. ಅವಳು ಹೇಳಿದಳು: "ನಮ್ಮ ರಕ್ತದಲ್ಲಿ ಕಳ್ಳ ಬಂದ ಕೂಡ್ಲೆ ಹಿಡ್ದ್ ನುಂಗೂ ಕಾವಲಿನವ್ರ್ ಇದ್ರಲೆ, ಹಾಂಗಿದ್ದವ್ರೇ ಈ ಹುಳದ ಮೈಯಗೂ ಇದ್ರ್. ಇಲಿಯ ಕೆಲ್ಸ ಪೂರಾ ಮಾಡುದಿಲ್ಲೆ. ಆರೆ ಮೊದ್ಲ ಜಗಳ ಹ್ಯಾಂಗ್ ಆತ್ತ್ ಅಂತ ತೋರ್ಸತ್ತ್."

ಮೊದಲ ಸಲವೇ ಚೆನ್ನಾಗಿ ಬಂತು. ಗಾಯದಿಂದ ತೆಗೆದ ಬ್ಯಾಕ್ಟೀರಿಯಾ ಕೊಟ್ಟ ಹುಳುಗಳು ಕಪ್ಪಾದವು. ಬಂದರಿನ ನೀರಿನದ್ದನ್ನು ಕೊಟ್ಟವು ಹಾಗೂ ಉಪ್ಪುನೀರಿನವು ಹರಿದಾಡುತ್ತಿದ್ದವು. ಮುಂದಿನ ವಾರ ಅದೇ ಸೂಜಿ, ಅದೇ ಬ್ಯಾಕ್ಟೀರಿಯಾ, ಅದೇ ಕೈ. ಒಂದೂ ಸಾಯಲಿಲ್ಲ. ಅದರ ಮುಂದಿನ ವಾರ ಸತ್ತವು. ಆಮೇಲೆ ಮತ್ತೆ ಸಾಯಲಿಲ್ಲ. ಒಂದು ಸಲ ಸಾಯುವ, ಇನ್ನೊಂದು ಸಲ ಸಾಯದ ಹುಳುವಿನಿಂದ ವಿಜ್ಞಾನ ನಡೆಯುವುದಿಲ್ಲ.

ಇದನ್ನೇ ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿಯೂ ಹೇಳಿತು. ಅವಳು ತನ್ನ ಫಲಿತಾಂಶ ಮುಂದಿಟ್ಟಾಗ ಸಮಿತಿಯ ಹಿರಿಯ ಸದಸ್ಯರೊಬ್ಬರು ಕನ್ನಡಕ ಕೆಳಗಿಳಿಸಿ, "ಏನಮ್ಮಾ, ಗಾಳಕ್ಕೆ ಹಾಕಲು ಹುಳ ಸಾಕಿದ್ದೀರೋ, ಸಂಶೋಧನೆಗೋ?" ಎಂದು ಕೇಳಿದರಂತೆ. ಅವಳ ಊರು, ಮನೆತನ ಗೊತ್ತಿದ್ದೇ ಕೇಳಿದ ಮಾತು. ಅವಳು, "ಗಾಳಕ್ಕೆ ನಾವು ಸಿಗಡಿ ಹಾಕುತ್ತೇವೆ ಸರ್, ಹುಳ ಅಲ್ಲ" ಎಂದಳಂತೆ. ನಗು ಎದ್ದಿತು. ಆದರೆ ತೀರ್ಮಾನ ಬದಲಾಗಲಿಲ್ಲ. ಮುಂದಿನ ಪರಿಶೀಲನೆಯೊಳಗೆ ಒಂದೇ ಪ್ರಯೋಗ ಪ್ರತಿ ಸಲ ಒಂದೇ ಫಲ ಕೊಡಬೇಕು. ಇಲ್ಲದಿದ್ದರೆ ಪಿಎಚ್.ಡಿ. ನೋಂದಣಿ ರದ್ದು. ವರ್ಷಗಟ್ಟಲೆ ಮಾಡಿದ ಕೆಲಸವೂ ಅದರೊಂದಿಗೆ ಹೋಗುತ್ತದೆ.

ಮನೆಗೆ ಬಂದು ಅದನ್ನು ಹೇಳುವಾಗ ಅವಳು ಅಳಲಿಲ್ಲ. ಬೂತಾಯಿ ಮೀನು ಸ್ವಚ್ಛ ಮಾಡುತ್ತ ಹೇಳಿದಳು. ಕತ್ತಿ ಸ್ವಲ್ಪ ಜೋರಾಗಿ ನಡೆಯುತ್ತಿತ್ತು, ಅಷ್ಟೇ.

ಆಮೇಲಿನ ತಿಂಗಳುಗಳಲ್ಲಿ ಅವಳು ಒಂದೊಂದೇ ಅನುಮಾನವನ್ನು ಹಿಡಿದು ಹೊರಗೆ ಹಾಕಿದಳು. ಸೂಜಿ ಬದಲಾಯಿಸಿದಳು. ಬ್ಯಾಕ್ಟೀರಿಯಾವನ್ನು ಹೊಸದಾಗಿ ಬೆಳೆಸಿದಳು. ಬೆಚ್ಚಗಿನ ಪೆಟ್ಟಿಗೆಯ ಉಷ್ಣತೆಯನ್ನು ಬೇರೆ ಮಾಪಕದಿಂದ ಅಳೆದಳು. ಕರೆಂಟು ಹೋಗುತ್ತದೆಯೇ ಎಂದು ಕಾಲೇಜಿನ ಕಾವಲುಗಾರನನ್ನು ಕೇಳಿದಳು. ಜೇನಿನವರು ಗೂಡಿಗೆ ಏನಾದರೂ ಹೊಗೆ ಹಾಕುತ್ತಾರೆಯೇ ಎಂದು ನನ್ನಿಂದ ಫೋನು ಮಾಡಿಸಿದಳು. "ಹೊಗೆ ಹಾಕ್ರೆ ಹುಳ ಸಾಯ್ತ್ ಮಾರಾಯ್ರೆ. ನಿಮ್ಗೆ ಅಂದೇಳಿ ಹೊಗೆ ಹಾಕೂದೇ ಬಿಟ್ಟ್ ಕೂಕಂಡಿದೆ. ಬದಿಮನೆಯವ್ರ್ ನಂಗೆ ಮರ್ಳ್ ಅಂತ್ರ್" ಎಂದರು ಅವರು.

ಒಂದು ಸಂಜೆ ನಾನು ಕೇಳಿದೆ, ಸಾಯದ ವಾರ ಬೇರೆ ಏನು ಇತ್ತು? ಯಾರು, ಎಲ್ಲಿ, ಯಾವಾಗ ಎಂದು ಕೇಳುವುದಷ್ಟೇ ನನಗೆ ಗೊತ್ತಿದ್ದದ್ದು. ಅವಳು ಯೋಚಿಸಿ, ಸಾಯದ ವಾರಗಳಲ್ಲಿ ಹೆಚ್ಚಿನವು ಗಂಗೊಳ್ಳಿಗೆ ಹೋಗಿ ಬಂದ ವಾರಗಳು ಎಂದಳು. ಬೈಂದೂರಿನಿಂದ ಬರುವಾಗ ಕೆಲವು ಭಾನುವಾರ ತ್ರಾಸಿಯಲ್ಲಿ ಇಳಿದು ತಾಯಿಯ ಮನೆಗೆ ಹೋಗಿ ಉಳಿದು, ಬೆಳಿಗ್ಗೆ ಕಡವಿನ ದೋಣಿಯಲ್ಲಿ ಹೊಳೆ ದಾಟಿ, ಕುಂದಾಪುರದಿಂದ ಬ್ರಹ್ಮಾವರದ ಬಸ್ಸು ಹಿಡಿಯುವುದು ಅವಳ ವಾಡಿಕೆ. "ಅಲ್ಲೆಂತ ಇತ್ತ್? ಡಬ್ಬಿ ಶೆಲ್ಪಿನ ಮೇಲೆ ಇಡ್ತೆ, ಬೆಳಿಗ್ಗೆ ತಕಂತೆ. ಉಪ್ಪುಗಾಳಿಯಾ? ಉಪ್ಪುಗಾಳಿ ಇಲ್ಲಿಯೂ ಇತ್ತಲೆ" ಎಂದಳು. ಆದರೂ ಮುಂದಿನ ಭಾನುವಾರ ನಾನೂ ಜೊತೆಗೆ ಹೋದೆ.

ಅತ್ತೆಯ ಮನೆ ಬಂದರಿಗೆ ಹತ್ತಿರ. ಜಗಲಿಯ ಒಂದು ಮೂಲೆಯಲ್ಲಿ ದೊಡ್ಡ ಥರ್ಮಾಕೋಲ್ ಪೆಟ್ಟಿಗೆ. ಮಾರಾಟವಾಗದೆ ಉಳಿದ ಮೀನನ್ನು ಮರುದಿನಕ್ಕೆ ಐಸು ಹಾಕಿ ಇಡುವುದು ಅದರಲ್ಲೇ. ರಾತ್ರಿ ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ಡಬ್ಬಿಯನ್ನು ಅವಳು ಶೆಲ್ಫಿನ ಮೇಲಿಟ್ಟದ್ದನ್ನು ನಾನು ನೋಡಿದೆ. ಬೆಳಿಗ್ಗೆ ಎದ್ದಾಗಲೂ ಅದು ಶೆಲ್ಫಿನ ಮೇಲೆಯೇ ಇತ್ತು. ಅತ್ತೆ ಆಗಲೇ ಬಂದರಿಗೆ ಹೋಗಿ ತಿರುಗಿ ಬಂದು ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮುಖ ಸಪ್ಪೆಯಾಗಿತ್ತು.

"ಹೆಣ್ಣೇ, ಬೇಜಾರ್ ಮಾಡ್ಕಣ್‌ಬೇಡ" ಎಂದರು ಮಗಳಿಗೆ. "ಐಸ್ ಪ್ಲಾಂಟ್ ಹಾಳಾಯಿ ನಿನ್ನೆಯಿಂದ ಐಸ್ ಇಲ್ಲೆ. ಈ ಸರ್ತಿ ನಿನ್ನ ಹುಳಕ್ಕೆ ಐಸ್ ಹಾಕೂಕ್ ಆಯ್ಲಿಲ್ಲೆ."

ಚೀಲಕ್ಕೆ ಡಬ್ಬಿ ಹಾಕುತ್ತಿದ್ದ ಅವಳು ತಿರುಗಿ ನೋಡಿದಳು. "ಎಂತ ಹೇಳ್ದೆ ಅಬ್ಬೀ?"

"ಐಸ್ ಇಲ್ಲೆ ಅಂದೆ. ಇವತ್ತೊಂದ್ ದಿನ ಹಾಂಗೇ ತಕಂಡ್ ಹೋಗ್. ಹಾಳಾತ್ತಿಲ್ಲೆ ಕಾಣತ್ತ್."

"ನೀ ಇದ್ಕೆ ಐಸ್ ಹಾಕ್ತಿದ್ಯಾ?"

"ಮತ್ತೆ?" ಅತ್ತೆಗೆ ಆಶ್ಚರ್ಯ. "ಇಲ್ಲಿಂದ ಬ್ರಹ್ಮಾವರಕ್ಕೆ ಹೋಯ್ಕ್, ಬಿಸ್ಲ್, ಬಸ್ಸ್. ಐಸ್ ಇಲ್ದೆ ಯಾವ ಮಾಲ್ ಉಳಿತ್ತ್? ನೀನ್ ಮನ್ಕಂಡ್ ಮೇಲೆ ಪೆಟ್ಗಿಯಗೆ ಇಡ್ತೆ. ಬೆಳ್ಗೆ ನಾನ್ ಹೊರ್ಡು ಮೊದ್ಲ್ ತೆಗ್ದ್ ಒರ್ಸಿ ಮೇಲೆ ಇಡ್ತೆ. ಡಬ್ಬಿ ತಣ್ಣಗಿದ್ರೆ ನಿಂಗೆ ಶೀತ ಆತ್ತಲೆ, ಸಣ್ಣ ಇಪ್ಪಾಗ್ಳಿಂದ್ಲೂ ನಿಂದ್ ಶೀತದ ಮೈ."

ಬಂದರಿನಲ್ಲಿ ಹುಟ್ಟಿದವರಿಗೆ ಸಾಗಿಸಬೇಕಾದ ಯಾವ ಸರಕಾದರೂ ಐಸಿನ ಸರಕೇ. ಮಗಳು ದುಡಿದು ತಂದದ್ದು ಕೆಡಬಾರದೆಂದು ಅವರು ಯಾರಿಗೂ ಹೇಳದೆ ಮಾಡುತ್ತಿದ್ದ ಉಪಚಾರ ಅದು. ಹೇಳುವಷ್ಟು ದೊಡ್ಡ ವಿಷಯವೆಂದೂ ಅವರಿಗೆ ಅನಿಸಿರಲಿಲ್ಲ.

ನನ್ನ ಹೆಂಡತಿ ಹೊಸ್ತಿಲಲ್ಲಿ ತಾಯಿಯ ಪಕ್ಕ ಕೂತುಬಿಟ್ಟಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ನಗಲೂ ಇಲ್ಲ. "ಐಸ್ ಹಾಕಿದ್ದ್ ಸಾಯ್ಕಾಯಿತ್ತ್" ಎಂದು ತನ್ನಷ್ಟಕ್ಕೆ ಹೇಳಿದಳು. "ಬೇಗ ಸಾಯ್ಕಾಯಿತ್ತ್. ಎಂತಕ್ಕೆ ಬದ್ಕತ್ತ್?" ಒಂದು ಮೈ ಚಳಿಯಲ್ಲಿ ನರಳಿದರೆ ಕಾಯಿಲೆಗೆ ಸುಲಭವಾಗಿ ಸಿಗಬೇಕು. ಅವಳ ಹುಳುಗಳು ತದ್ವಿರುದ್ಧ ಮಾಡಿದ್ದವು. ದೋಣಿ ಹೊಳೆಯ ನಡುವೆ ಇದ್ದಾಗ ಅವಳು ನನ್ನ ತೋಳು ಹಿಡಿದು, "ಹ್ವಾಯ್, ಇವತ್ತಿನ ಹುಳ ಪೂರಾ ಸಾಯ್ತ್ ಕಾಣಿ" ಎಂದಳು. ದೋಣಿಯಲ್ಲಿದ್ದವರು ತಿರುಗಿ ನೋಡಿದರು. ಅಷ್ಟು ಸಂತೋಷದಿಂದ ಸಾವಿನ ಮಾತಾಡುವವರನ್ನು ಅವರು ಕಂಡಿರಲಾರರು.

ಸತ್ತವು.

ಆದರೆ ಒಂದು ಸಲ ಸತ್ತದ್ದು ಸಾಕ್ಷಿಯಲ್ಲ. ಒಂದೇ ಮೂಲದಿಂದ ಬಂದ ಸುದ್ದಿಯನ್ನು ನಾವೂ ಅಚ್ಚು ಹಾಕುವುದಿಲ್ಲ. ಅವಳು ಜೇನಿನವರ ಒಂದೇ ಗೂಡಿನ ಹುಳುಗಳನ್ನು ಎರಡು ಪಾಲು ಮಾಡಿದಳು. ಒಂದು ಪಾಲು ರಾತ್ರಿ ಐಸಿನಲ್ಲಿ, ಇನ್ನೊಂದು ಹೊರಗೆ. ಬೆಳಿಗ್ಗೆ ಎರಡಕ್ಕೂ ಒಂದೇ ಸೀಸೆಯಿಂದ ಅದೇ ಗಾಯದ ಬ್ಯಾಕ್ಟೀರಿಯಾ. ಮರುದಿನ ನನಗೆ ಬ್ರಹ್ಮಾವರದ ಪಂಚಾಯತ್ ಸಭೆಯ ವರದಿ ಇತ್ತು. ಅದು ಮುಗಿಸಿ ಕಾಲೇಜಿಗೆ ಹೋದೆ. ಅವಳು ಎರಡು ಗಾಜಿನ ತಟ್ಟೆಗಳನ್ನು ನನ್ನ ಮುಂದೆ ಸರಿಸಿದಳು. ಒಂದರಲ್ಲಿ ಎಲ್ಲವೂ ಕಪ್ಪು. ಐಸಿನಲ್ಲಿಟ್ಟವುಗಳ ತಟ್ಟೆಯಲ್ಲಿ ಬೆಣ್ಣೆ ಬಣ್ಣದ ಹುಳುಗಳು ಅಂಚು ಹತ್ತಿ ಹೊರಬೀಳಲು ನೋಡುತ್ತಿದ್ದವು. ವರದಿಗಾರನಾಗಿ ನಾನು ಅನೇಕ ಸಾಕ್ಷಿಗಳನ್ನು ಕಂಡಿದ್ದೇನೆ. ಇಷ್ಟು ಸ್ಪಷ್ಟವಾಗಿ ಮಾತಾಡಿದ್ದು ಮತ್ತೊಂದಿಲ್ಲ.

ಓದಿ ನೋಡಿದಾಗ ಕಾರಣವೂ ಸಿಕ್ಕಿತು. ಬೇರೆ ದೇಶಗಳಲ್ಲಿ ಕೆಲವರು ಇದನ್ನು ಮೊದಲೇ ಗಮನಿಸಿದ್ದರು. ಚಳಿ, ಬಿಸಿ, ಅಲುಗಾಟ ಯಾವುದರಿಂದಾದರೂ ಹುಳುವಿಗೆ ಒಂದು ಮಟ್ಟದ ಹಿಂಸೆಯಾದರೆ ಅದರ ಮೈಯ ಕಾವಲು ಮೊದಲೇ ಎಚ್ಚರಗೊಳ್ಳುತ್ತದೆ. ಆಮೇಲೆ ಬರುವ ಬ್ಯಾಕ್ಟೀರಿಯಾಕ್ಕೆ ಒಳಗೆ ಜಾಗವೇ ಸಿಗುವುದಿಲ್ಲ. ಅಂಗಳದಲ್ಲಿ ಬೆಕ್ಕು ಓಡಿ ನಾಯಿ ಎದ್ದು ಕೂತಿದ್ದರೆ ಕಳ್ಳ ಬಂದದ್ದು ದಂಡವಾಗುತ್ತದೆ, ಹಾಗೆ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಅಲುಗಾಟ ಎಂದರೆ ಬಸ್ಸಿನ ಹಿಂದಿನ ಸೀಟು, ಹೆದ್ದಾರಿಯ ಹೊಂಡ. ಅಂದಿನಿಂದ ಡಬ್ಬಿಯನ್ನು ಮಡಿಲಲ್ಲಿ ಬಟ್ಟೆಯ ಮೇಲಿಟ್ಟು ಡ್ರೈವರನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಕೋಟದ ಹತ್ತಿರ ಹೊಂಡಕ್ಕೆ ಬಸ್ಸು ಇಳಿದಾಗ ಕಂಡಕ್ಟರ್, "ಎಂತ ಮೇಡಂ, ಮೊಟ್ಟೆಯಾ?" ಎಂದು ಕೇಳಿದ. "ಅದ್ಕಿಂತ ಸೂಕ್ಷ್ಮ" ಎಂದಳು. ಕಾಲೇಜಿಗೆ ತಂದ ಹುಳುಗಳು ಕತ್ತಲಲ್ಲಿ ಸಾಕಷ್ಟು ವಿಶ್ರಾಂತಿ ಪಡೆಯದೆ ಸೂಜಿಯ ಹತ್ತಿರ ಹೋಗುವಂತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಅಷ್ಟು ವಿಶ್ರಾಂತಿ ಇರಲಿಲ್ಲ.

ವಿಷಯ ಕೇಳಿ ಅತ್ತೆ ಸೊಂಟಕ್ಕೆ ಕೈ ಇಟ್ಟು ನಿಂತರು.

"ಹಾಂಗಾರೆ ನನ್ನ ಐಸಿಂದ ಹುಳ ಬದ್ಕಿತ್ತ್ ಅಂತಾಯ್ತ್."

"ಹೌದ್ ಅಬ್ಬಿ."

"ಮತ್ತೆ ಇಷ್ಟ್ ದಿನ ಮೋರೆ ಊದ್ಸಿಕಂಡ್ ತಿರ್ಗದ್ದ್ ಎಂತಕ್ಕೆ? ಬದ್ಕ್ಸೂಕಲ್ದಾ ನೀನ್ ಓದಿದ್ದ್?"

ಅಂದಿನಿಂದ ಅತ್ತೆ ಐಸ್ ಹಾಕುವುದನ್ನು ಬಿಟ್ಟರು. ಆದರೆ ಯಾರ ಮುಂದೆಯೂ ಹೇಳುವುದನ್ನು ಬಿಡಲಿಲ್ಲ.

ದಾರಿ ಸರಿಯಾದ ಮೇಲೆ ಪ್ರಯೋಗ ತಡೆಯಿಲ್ಲದೆ ಓಡಿತು. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಒಂದೇ ಫಲ. ಗಾಯದ ಬ್ಯಾಕ್ಟೀರಿಯಾ ಕೊಲ್ಲುತ್ತಿತ್ತು, ಬಂದರಿನ ನೀರಿನದ್ದರಲ್ಲಿ ಹೆಚ್ಚಿನದ್ದು ಕೊಲ್ಲುತ್ತಿರಲಿಲ್ಲ. ನೀರಿನದ್ದರಲ್ಲೇ ಅಪರೂಪಕ್ಕೆ ಒಂದು ಕೊಲ್ಲುವಂಥದ್ದೂ ಸಿಗುತ್ತಿತ್ತು. ಅದೇ ಅವಳು ಹುಡುಕುತ್ತಿದ್ದ ಉತ್ತರ: ಅಪಾಯ ಬಂದರಿನಲ್ಲೇ ಇದೆ, ಎಲ್ಲ ಕಡೆ ಇಲ್ಲ, ಅದನ್ನು ಗುರುತಿಸಬಹುದು. ಚುಚ್ಚಿದ ಕೂಡಲೇ ಯಾವ ಔಷಧ ಕೊಟ್ಟರೆ ಹುಳು ಉಳಿಯುತ್ತದೆ, ತಡವಾದರೆ ಯಾವುದರಿಂದ ಪ್ರಯೋಜನವಿಲ್ಲ ಎಂಬುದೂ ತಟ್ಟೆಗಳ ಮೇಲೆ ಕಣ್ಣಿಗೆ ಕಂಡಿತು. ಒಂದು ದಿನ ಅಣ್ಣನೂ ಬಂದು ನೋಡಿದ. ಔಷಧ ಸಿಕ್ಕಿ ಬದುಕಿದ ಹುಳುವನ್ನು ತನ್ನ ಮೊಂಡು ಬೆರಳಿನಿಂದ ಮೆಲ್ಲ ಮುಟ್ಟಿ, "ಇದ್ರ ಅದೃಷ್ಟ ಕಾಣ್, ನಿನ್ನ ಕೈಗೆ ಸಿಕ್ಕಿತ್ತ್" ಎಂದ.

ಪರಿಶೀಲನೆಗೆ ಮೊದಲು ಅವಳ ಮಾರ್ಗದರ್ಶಕರು, ಒಳ್ಳೆಯ ಮನುಷ್ಯರು, ಒಂದು ಸಲಹೆ ಕೊಟ್ಟರು. ಐಸಿನ ಕಥೆ ಬೇಡ. ಆ ವಾರಗಳ ಹುಳುಗಳು ಕೆಟ್ಟಿದ್ದವು ಎಂದು ಬಿಟ್ಟುಬಿಡಿ. ಹೊಸ ಫಲಿತಾಂಶ ಸಾಕಷ್ಟಿದೆ. ಮೀನಿನ ಪೆಟ್ಟಿಗೆಯ ವಿಷಯ ಎತ್ತಿದರೆ ಹಿಂದೆ ನಕ್ಕವರು ಮತ್ತೆ ನಗುತ್ತಾರೆ.

ಅವಳು ಸಂಜೆ ನನ್ನನ್ನು ಕೇಳಿದಳು. "ನಿಮ್ಮ ಪೇಪರಗೆ ತಪ್ಪಾರೆ ಎಲ್ಲಿ ಹಾಕ್ತ್ರಿ?"

"ಒಳಪುಟದ ಮೂಲೆಯಲ್ಲಿ. ಸಣ್ಣ ಅಕ್ಷರದಲ್ಲಿ."

"ನಾ ಮುಖಪುಟದಗೆ ಹಾಕ್ತೆ."

ಅದರ ಅಪಾಯ ನಮ್ಮಿಬ್ಬರಿಗೂ ಗೊತ್ತಿತ್ತು. ನೋಂದಣಿ ಉಳಿಯುವುದೋ ಹೋಗುವುದೋ ಆ ಒಂದು ದಿನದ ಮೇಲೆ ನಿಂತಿತ್ತು.

ಪರಿಶೀಲನೆಯ ಭಾಷಣ ಸಾರ್ವಜನಿಕ, ಯಾರು ಬೇಕಾದರೂ ಕೂರಬಹುದು. ನಾನು ರಜೆ ಹಾಕಿ ಹೋದೆ. ಅತ್ತೆಯೂ ಹಟ ಹಿಡಿದು ಹೊರಟರು. ಟ್ರಂಕಿನಲ್ಲಿ ಮಡಚಿಟ್ಟಿದ್ದ ಸೀರೆ, ಮುಡಿ ತುಂಬ ಅಬ್ಬಲಿಗೆ. ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತು, "ಅವ್ರಲ್ಲಿ ಯಾರ್ ಹೆಣ್ಣಿಗ್ ಗಾಳದ ಮಾತ್ ಹೇಳದ್ದ್?" ಎಂದು ಪಿಸುಗುಟ್ಟಿದರು. ನಾನು ತೋರಿಸಿದೆ. ಅವರು ಆ ಸದಸ್ಯರನ್ನು, ತಾಜಾವೋ ಹಳತೋ ಎಂದು ಮೀನಿನ ಕಿವಿರು ಎತ್ತಿ ನೋಡುವ ಹಾಗೆ ನೋಡಿದರು.

ಮೊದಲ ಚಿತ್ರವೇ ಥರ್ಮಾಕೋಲ್ ಪೆಟ್ಟಿಗೆ. ಅವಳು ನೇರವಾಗಿ ಹೇಳಿದಳು: ಹಿಂದಿನ ಸಲ ನಾನು ತೋರಿಸಿದ ಫಲಿತಾಂಶ ಅಸ್ಥಿರವಾಗಿತ್ತು, ಕಾರಣ ಇದು. ನನ್ನ ತಾಯಿ ಮೀನು ಮಾರುವವರು. ಹುಳು ಕೆಡಬಾರದೆಂದು ಐಸಿನಲ್ಲಿಟ್ಟರು. ಇಡುವಾಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅದನ್ನೇ ಪ್ರಯೋಗ ಮಾಡಿ ನೋಡಿದೆ.

ಯಾರೂ ನಗಲಿಲ್ಲ. ಗಾಳದ ಮಾತಾಡಿದ ಸದಸ್ಯರು ಮುಂದಕ್ಕೆ ಬಾಗಿದರು. "ಐಸಿನಿಂದಲೇ ಎಂದು ಹೇಗೆ ಹೇಳುತ್ತೀರಿ? ಆ ಪೆಟ್ಟಿಗೆಯಲ್ಲಿ ಮೀನಿನ ವಾಸನೆ, ಮೀನಿನ ಸೂಕ್ಷ್ಮಜೀವಿ ಎಲ್ಲ ಇರುತ್ತದಲ್ಲ?"

ಅವಳು ಮುಂದಿನ ಚಿತ್ರ ತೋರಿಸಿದಳು. ಕಾಲೇಜಿನ ಫ್ರಿಜ್ಜಿನಲ್ಲಿ, ಮೀನು ಯಾವತ್ತೂ ಕಾಣದ ಡಬ್ಬಿಯಲ್ಲಿಟ್ಟ ಹುಳುಗಳು. ಅವೂ ಬದುಕಿದ್ದವು. ಅದರ ಪಕ್ಕದಲ್ಲಿ ವಿಶ್ರಾಂತಿ ಪಡೆದ ಹುಳುಗಳ ತಟ್ಟೆಗಳು, ಒಂದರ ಕೆಳಗೆ ಒಂದು, ಬೇರೆ ಬೇರೆ ತಿಂಗಳುಗಳವು. ಗಾಯದ ಸಾಲು ಪ್ರತಿ ಸಲವೂ ಕಪ್ಪು, ಉಪ್ಪುನೀರಿನ ಸಾಲು ಪ್ರತಿ ಸಲವೂ ಬಿಳಿ.

ಆ ಸದಸ್ಯರು ಇನ್ನೂ ಒಂದೆರಡು ಪ್ರಶ್ನೆ ಕೇಳಿದರು. ಆಮೇಲೆ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡು, "ನನ್ನ ವಿದ್ಯಾರ್ಥಿಗಳಿಗೂ ಈ ಹುಳು ಬೇಕು. ಎಲ್ಲಿ ಸಿಗುತ್ತದೆ?" ಎಂದರು.

"ಬೈಂದೂರಿನಲ್ಲಿ ಸರ್" ಎಂದಳು. "ಆದರೆ ತರುವಾಗ ಐಸ್ ಹಾಕಬೇಡಿ."

ಸಭಾಂಗಣ ನಕ್ಕಿತು. ಅವರೂ ನಕ್ಕರು. ಸಮಿತಿಯವರು ತಲೆ ಜೋಡಿಸಿ ಮಾತಾಡಿಕೊಂಡರು. ಅಧ್ಯಕ್ಷರು ಎದ್ದು ನಿಂತು ಇಂಗ್ಲಿಷಿನಲ್ಲಿ ಉದ್ದವಾಗಿ ಏನೋ ಹೇಳಿದರು. ನೋಂದಣಿ ಮುಂದುವರಿಯುತ್ತದೆ, ಪ್ರಬಂಧ ಬರೆದು ಒಪ್ಪಿಸಬಹುದು, ಐಸಿನ ಭಾಗವನ್ನು ಪ್ರತ್ಯೇಕ ಅಧ್ಯಾಯ ಮಾಡಬೇಕು ಎಂಬುದು ಅದರ ಸಾರ. ಜನ ಚಪ್ಪಾಳೆ ತಟ್ಟಿದರು. ಅತ್ತೆಗೆ ಇಂಗ್ಲಿಷು ಅರ್ಥವಾಗಲಿಲ್ಲ. ಚಪ್ಪಾಳೆಯೊಂದನ್ನೇ ನಂಬುವ ಜಾತಿಯೂ ಅವರಲ್ಲ. ಎದ್ದು ನಿಂತು, ಬಂದರಿನಲ್ಲಿ ಬೋಟಿನವರನ್ನು ಕೂಗಿ ಕರೆಯುವ ದನಿಯಲ್ಲಿ ನೇರವಾಗಿ ವೇದಿಕೆಗೇ ಕೇಳಿದರು.

"ಹ್ವಾಯ್, ಎಂತ ಆಯ್ತ್? ನಮ್ಮ ಹೆಣ್ಣ್ ಗೆದ್ಲಾ?"

ಅಧ್ಯಕ್ಷರು ಯಾವ ಊರಿನವರೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅವರು ಮೈಕನ್ನು ಪಕ್ಕಕ್ಕೆ ಸರಿಸಿ, ಶುದ್ಧ ಕುಂದಾಪ್ರ ಕನ್ನಡದಲ್ಲಿ ಉತ್ತರ ಕೊಟ್ಟರು.

"ಗೆದ್ರ್ ಅಮ್ಮ. ಚಂದ ಮಾಡಿ ಗೆದ್ರ್."